ನಿಂತ ಜೀಪಿನ ಸ್ಟೇರಿಂಗ್

ರಾತ್ರಿ ಎರಡೂವರೆ. ಹೋಗಿದ್ದ ಕರೆಂಟ್ ಬಂತು. ಮೇಜಿಗೆ ಬಿಗಿದಿದ್ದ ರೇಸಿಂಗ್ ಆಟದ ಸ್ಟೇರಿಂಗ್ ತಾನಾಗಿಯೇ ಎಡಕ್ಕೂ ಬಲಕ್ಕೂ ಗರ್ರೆಂದು ತಿರುಗಿದ ಸದ್ದಿಗೆ ಎಚ್ಚರವಾಯಿತು. ಕಣ್ಣ ಮುಂದೆ ಅಪ್ಪನ ಜೀಪು.

ಕಮಲಾಪುರದ ಕೆಂಪು ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಬರುವಾಗ ಅಪ್ಪ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿಸುತ್ತಿದ್ದ. ಗಾಲಿ ತಗ್ಗಿಗೆ ಇಳಿದಾಗ ಸ್ಟೇರಿಂಗ್ ತಮ್ಮನ ಕೈಯನ್ನು ಅದುರಿಸುತ್ತಿತ್ತು, ಅವನು ಕೇಕೆ ಹಾಕುತ್ತಿದ್ದ.

"ನನಗೂ ಕೊಡಪ್ಪಾ."

"ನಿನ್ನ ಕೈ ನೋಯ್ತಾವವ್ವಾ. ಮನಿ ಮುಂದ ಗಾಡಿ ನಿಂದ್ರಲಿ, ಆಗ ಹಿಡಿ."

ಎಂಜಿನ್ ಆರಿದ ಮೇಲೆ, ದಾರ ಸುತ್ತಿದ ಆ ಸ್ಟೇರಿಂಗ್ ನನ್ನ ಕೈಗೆ ಏನೂ ಹೇಳುತ್ತಿರಲಿಲ್ಲ.

ನಿನ್ನೆ ಈ ಆಟದ ಸ್ಟೇರಿಂಗ್ ಹಿಡಿದು ಮಗಳೆಂದಳು, "ಮಮ್ಮಿ, ಇದರಾಗ ರಸ್ತೆ ಗೊತ್ತೇ ಆಗವಲ್ದು." ಸೆಟ್ಟಿಂಗ್ ನೋಡಿದರೆ, ರಸ್ತೆಯ ತಗ್ಗುದಿಣ್ಣೆಯನ್ನು ಕೈಗೆ ಮುಟ್ಟಿಸುವ ಫೋರ್ಸ್ ಅನ್ನು ನನ್ನ ಗಂಡ ಸೊನ್ನೆಗೆ ಇಳಿಸಿದ್ದಾರೆ.

"ನಿಮ್ಮ ಅಣ್ಣನ ಮಗ ಆಡೂವಾಗ ಪೂರಾ ಇಡ್ತೀರಿ, ಈಕಿಗ್ಯಾಕ ಸೊನ್ನಿ?"

"ಅವ ಗಂಡ್ಹುಡುಗ, ತಡಕೋತಾನ," ಎಂದು ಮಗ್ಗುಲು ಬದಲಿಸಿ ಮಲಗಿದರು.

ಬೆಳಿಗ್ಗೆ ಆ ಹುಡುಗನ ಜೊತೆಗೇ ಇವಳ ರೇಸು. ಈಗ ನಾನೇ ಫೋರ್ಸ್ ಏರಿಸಿದ್ದೇನೆ, ಆದರೆ ಆಟದ ನೇರ ರಸ್ತೆಯಲ್ಲೂ ಸ್ಟೇರಿಂಗ್ ಎಡಬಲ ಒದ್ದಾಡುತ್ತಿದೆ. ಮತ್ತೆ ಸೊನ್ನೆಗಂತೂ ಇಳಿಸುವುದಿಲ್ಲ. ಈ ಗ್ರೂಪಿನಲ್ಲಿ ಇದನ್ನು ಹದಕ್ಕೆ ತರಲು ಬಲ್ಲವರು ಬೆಳಗಾಗುವುದರೊಳಗೆ ಫೋನ್ ಮಾಡಿ, ಕೈಮುಗಿದು ಕೇಳುತ್ತೇನೆ. ಹೊತ್ತಾಯಿತೆಂದು ಹಿಂಜರಿಯಬೇಡಿ.