ವಿಮಾನ ಏರದೆ ನಿಂತ ರವಿವಾರ

ಪುಣೆಯ ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಸಾಕು, ನಮ್ಮ ವಾಡೆಯ ಹೆಂಗಸರು ಒಲೆಯ ಮೇಲಿನ ಹಾಲನ್ನು ಅದರ ಪಾಡಿಗೆ ಬಿಟ್ಟು ಅಂಗಳಕ್ಕೆ ಓಡಿಬರುತ್ತಿದ್ದ ಕಾಲ ಅದು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಅಪ್ಪ ಧಾರವಾಡದ ಕಡೆಯಿಂದ ಬಂದು ಪುಣೆಯ ಹವಾಮಾನ ಕಚೇರಿಯಲ್ಲಿ ಕೆಲಸಕ್ಕೆ ನಿಂತವರು. ಹತ್ತಾರು ಸಂಸಾರಗಳಿದ್ದ ಶನಿವಾರ ಪೇಟೆಯ ವಾಡೆಯಲ್ಲಿ ನಮಗೆ ಎರಡು ಕೋಣೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ.

ಅಪ್ಪನ ಕೆಲಸ ಫುಗ್ಗೆ ಹಾರಿಸುವುದು ಎಂದು ನಾನು ಶಾಲೆಯಲ್ಲಿ ಹೇಳಿದರೆ ಗೆಳತಿಯರು ನಗುತ್ತಿದ್ದರು. ಆದರೆ ಅದು ನಿಜ. ದಿನಾ ಕಚೇರಿಯ ಮಾಳಿಗೆಯ ಮೇಲಿನಿಂದ ಗ್ಯಾಸು ತುಂಬಿದ ದೊಡ್ಡ ರಬ್ಬರಿನ ಫುಗ್ಗೆ ಬಿಟ್ಟು, ದುರ್ಬೀನಿನಲ್ಲಿ ಅದರ ಬೆನ್ನು ಹತ್ತಿ, ಅದು ಯಾವ ಕಡೆಗೆ ಎಷ್ಟು ಸರಿಯಿತೆಂದು ನಿಮಿಷಕ್ಕೊಮ್ಮೆ ಬರೆದಿಡುತ್ತಿದ್ದರು. ಮೇಲೆ ಎಷ್ಟು ಎತ್ತರದಲ್ಲಿ ಎಂಥ ಗಾಳಿ ಬೀಸುತ್ತಿದೆ ಎಂಬುದು ಅದರಿಂದ ತಿಳಿಯುತ್ತಿತ್ತು. ಸಂಜೆ ಮನೆಗೆ ಬಂದ ಅಪ್ಪನ ಅಂಗಿಗೆ ಹೊಸ ರಬ್ಬರಿನ ವಾಸನೆ ಇರುತ್ತಿತ್ತು. ನಾವು ಮಕ್ಕಳು ಹಳೆ ವೃತ್ತಪತ್ರಿಕೆ ಸುತ್ತಿ ದುರ್ಬೀನು ಮಾಡಿಕೊಂಡು, ಹದ್ದುಗಳನ್ನು ನೋಡುತ್ತ ಸುಳ್ಳು ಸುಳ್ಳೇ ಅಂಕಿ ಕೂಗುವ ಆಟ ಆಡುತ್ತಿದ್ದೆವು.

ಆ ಮೇ ತಿಂಗಳ ಸೂಟಿಯಲ್ಲಿ ನನಗೆ ಹತ್ತು ವರ್ಷ. ಅಪ್ಪನ ಬುತ್ತಿ ಕೊಡಲು ಹೋದಾಗ ಕಚೇರಿಯಲ್ಲಿ ಫ್ರೇನಿಬಾಯಿಯನ್ನು ಮೊದಲು ಕಂಡೆ. ದಂಡು ಪ್ರದೇಶವಾದ ಕ್ಯಾಂಪಿನ ಪಾರ್ಸಿ ಮನೆತನದವಳು, ಇಪ್ಪತ್ತೈದು ವರ್ಷ ಇದ್ದಿರಬೇಕು. ಅವಳದೇ ಒಂದು ಪುಟ್ಟ ವಿಮಾನವಿತ್ತು: ಎರಡು ಅಂತಸ್ತಿನ ಬಟ್ಟೆಯ ರೆಕ್ಕೆ, ಹಿಂದೊಂದು ಮುಂದೊಂದು ತೆರೆದ ಆಸನ. ಊರಾಚೆಯ ಮೈದಾನದಲ್ಲಿ ಅದನ್ನು ಇಟ್ಟಿದ್ದಳು. ಮುಂಬಯಿಗೆ ಹೊರಡುವ ಮುಂಚೆ ಪ್ರತಿ ಸಲವೂ ಬಂದು ಅಪ್ಪನ ಮೇಜಿನ ಮುಂದೆ ಕೂರುತ್ತಿದ್ದಳು. ಘಾಟಿನ ಮೇಲೆ ಮೋಡ ಕೂತಿದೆಯೇ, ಎದುರುಗಾಳಿ ಎಷ್ಟು, ಅದಕ್ಕೆ ಪೆಟ್ರೋಲು ಎಷ್ಟು ಹೆಚ್ಚು ಬೇಕು, ಎಲ್ಲ ಕೇಳಿ ಬರೆದುಕೊಳ್ಳುವಳು. ಒಂದು ದಿನ ನಕಾಶೆ ಹಾಸಿ ನನಗೂ ತೋರಿಸಿದಳು.

"ನೋಡು ಡಿಕರಿ, ಇದು ಖಂಡಾಲಾ. ಇಲ್ಲಿಗೆ ಬಂದಾಗ ಮುಂದಿನ ಗುಡ್ಡ ಕಾಣದಿದ್ದರೆ ನಾನು ತಿರುಗಿ ಬಿಡಬೇಕು. ಎಲ್ಲಿ ತಿರುಗಬೇಕು ಅನ್ನೋದನ್ನ ನೆಲದ ಮೇಲೆ ಇದ್ದಾಗಲೇ ಗೆರೆ ಹಾಕಿಡಬೇಕು. ಮೇಲೆ ಹೋದ ಮೇಲೆ ಬುದ್ಧಿ ಓಡೋದಿಲ್ಲ."

ಅವಳ ಮಾತು ಮರಾಠಿ, ಗುಜರಾತಿ ಕಲಸಿದ್ದು; ಡಿಕರಿ ಎಂದರೆ ಗುಜರಾತಿಯಲ್ಲಿ ಮಗಳು. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿಯೇ ಉಳಿದಿದೆ. ಕ್ಯಾಂಪಿನ ಬೇಕರಿಯ ಬೆಣ್ಣೆ ಬಿಸ್ಕೀಟು ನನ್ನ ಕೈಗಿಟ್ಟು, "ನಿನ್ನನ್ನು ಒಂದು ಸುತ್ತು ಹಾರಿಸಿಕೊಂಡು ಬರಲೇ?" ಎಂದಳು.

ಮನೆಯಲ್ಲಿ ಎಂಟು ದಿನ ಗದ್ದಲ. "ಹೆಣ್ಣುಮಗಳನ್ನ ಗಾಳ್ಯಾಗ ತೂರಿ ಬಿಡ್ತೀರೇನ್ರೀ?" ಎಂದು ಅವ್ವ ಅಪ್ಪನ ಮೇಲೆ ಹರಿಹಾಯ್ದಳು. ನಾನು ಊಟ ಬಿಟ್ಟೆ. ಕೊನೆಗೆ ಅಪ್ಪ, "ಬಾಯಿ ಭಾಳ ಹುಷಾರ ಇದ್ದಾಳ. ನಾನೂ ಮೈದಾನದಾಗ ಇರ್ತೀನಿ" ಎಂದು ಅವ್ವನನ್ನು ಒಪ್ಪಿಸಿದರು.

ರವಿವಾರ ಮಧ್ಯಾಹ್ನ ನಾಲ್ಕಕ್ಕೆಂದು ನಿಗದಿಯಾಯಿತು. ನನ್ನನ್ನು ಹತ್ತು ನಿಮಿಷ ಸುತ್ತಿಸಿ ಇಳಿಸಿ, ಫ್ರೇನಿಬಾಯಿ ಹಾಗೆಯೇ ಮುಂಬಯಿಗೆ ಹೋಗುವವಳು. ವಾಡೆಯ ಮಕ್ಕಳೆಲ್ಲ ಮಾಳಿಗೆ ಏರಿ ನನಗೆ ಕೈಬೀಸಲು ಸಿದ್ಧರಾದರು. ಹೊಸ ಪರಕಾರ ಉಟ್ಟು, ಅಪ್ಪನ ಸೈಕಲ್ಲಿನ ಹಿಂದೆ ಕೂತು ಮೈದಾನಕ್ಕೆ ಹೋದೆ. ಆಕಾಶ ತೊಳೆದಿಟ್ಟ ಹಾಗಿತ್ತು. ದೂರದಲ್ಲಿ, ಮೂಡಣ ಕಡೆಯ ಸಾಸವಡದ ಗುಡ್ಡಗಳ ಮೇಲೆ ಮಾತ್ರ ಹೂಕೋಸಿನಂಥ ಬಿಳಿ ಮೋಡ.

ಅಪ್ಪ ಆ ಮೋಡವನ್ನೇ ನೋಡುತ್ತ ನಿಂತರು. ಆಮೇಲೆ ಕಿಸೆಯಿಂದ ಫುಗ್ಗೆಯ ಅಂಕಿ ಬರೆದ ಚೀಟಿ ತೆಗೆದು, "ಬಾಯಿಸಾಹೇಬ್ರ, ಇವತ್ತು ಬ್ಯಾಡ್ರಿ" ಎಂದರು.

ಫ್ರೇನಿಬಾಯಿ ಮೇಲೆ ನೋಡಿ ನಕ್ಕಳು. "ದೇಸಾಯಿ, ತಲೆಯ ಮೇಲೆ ಒಂದು ತುಣುಕು ಮೋಡ ಇಲ್ಲ!"

"ಕೆಳಗ ಪಡುವಣ ಗಾಳಿ ಅದ. ಆದ್ರ ಮಧ್ಯಾಹ್ನದ ಫುಗ್ಗೆ ಮ್ಯಾಲೆ ಹೋಗಿ ತಿರುಗಿತ್ರಿ. ಅಲ್ಲಿ ಮೂಡಲ ಗಾಳಿ. ಮುಂಜಾನಿಯಿಂದ ಹವಾದಾಗ ಪಸಿ ಬ್ಯಾರೆ ಏರೇದ. ಆ ಸಾಸವಡದ ಮೋಡ ಬೆಳೀತದ, ಬೆಳೆದ್ರ ಇಲ್ಲಿಗೇ ಬರತದ."

ಅವಳ ಅಣ್ಣ ಮುಂಬಯಿಯಲ್ಲಿ ಕಾಯುತ್ತಿದ್ದ. ಅರ್ಧ ತಾಸು ನೋಡೋಣ ಎಂದು ಒಲ್ಲದ ಮನಸ್ಸಿನಿಂದ ಒಪ್ಪಿದಳು.

ಅರ್ಧ ತಾಸಿನಲ್ಲಿ ಏನೂ ಆಗಲಿಲ್ಲ. ಬಿಸಿಲು ಸುಡುತ್ತಲೇ ಇತ್ತು. ಮೋಡ ತುಸು ಕರಗಿದಂತೆಯೂ ಕಂಡಿತು. ಅಪ್ಪನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ನಾನು ಅಳುತ್ತ, "ನೀವು ಅವ್ವನ ಮಾತು ಕೇಳಿ ಹಿಂಗ ಮಾಡೀರಿ! ಮಳಿ ಬರೂದೇ ಇಲ್ಲ!" ಎಂದು ಕೂಗಿದೆ. ಅಪ್ಪ ಬೈಯಲಿಲ್ಲ. ಪಕ್ಕದಲ್ಲಿ ಕೂತು, "ನೋಡು ಇಂದೂ, ಮಳಿ ಬಂದ್ರ ನಾ ಶಾಣ್ಯಾ ಅಲ್ಲ, ಬರದಿದ್ರ ದಡ್ಡನೂ ಅಲ್ಲ. ಕಂಡದ್ದನ್ನ ಹೇಳೂದು ನನ್ನ ಕೆಲಸ" ಎಂದರು. ಹತ್ತು ವರ್ಷದವಳಿಗೆ ಅದು ತಿಳಿಯಲಿಲ್ಲ.

ಫ್ರೇನಿಬಾಯಿ ಗಡಿಯಾರ ನೋಡಿ ಚರ್ಮದ ಟೊಪ್ಪಿಗೆ ಹಾಕಿಕೊಂಡಳು. "ಬಿರುಗಾಳಿ ಬರುತ್ತದೆ ಅಂತ ಆಣೆ ಮಾಡಿ ಹೇಳುತ್ತೀರಾ, ದೇಸಾಯಿ?"

"ಇಲ್ರಿ, ಹೇಳಲಾರೆ." ಅಪ್ಪನ ದನಿ ಸಣ್ಣದಾಗಿತ್ತು. ಅವಳು ದೊಡ್ಡ ಮನೆತನದವಳು, ಕಚೇರಿಯ ಸಾಹೇಬರ ಜೊತೆ ಚಹಾ ಕುಡಿಯುವವಳು. ಅಪ್ಪನಿಗೆ ಅವಳನ್ನು ತಡೆಯುವ ಅಧಿಕಾರವೇನೂ ಇರಲಿಲ್ಲ. "ಆದ್ರ ನನ್ನ ಮಗಳನ್ನ ಇದರಾಗ ಕೂಡಸಲಾರೆ. ಮಗಳಿಗೊಂದು, ನಿಮಗೊಂದು ಹೇಳಿದ್ರ ನಾ ಸುಳ್ಳ ಹೇಳಿದಂಗ ಆಗತದ."

ಅವಳು ಒಮ್ಮೆ ಅಪ್ಪನತ್ತ, ಒಮ್ಮೆ ನನ್ನತ್ತ ನೋಡಿದಳು. ಟೊಪ್ಪಿಗೆ ತೆಗೆದಳು. "ಹಗ್ಗ ತಗೊಂಡು ಬಾ, ಡಿಕರಿ" ಎಂದಳು.

ವಿಮಾನದ ರೆಕ್ಕೆಗಳನ್ನು ಗೂಟಕ್ಕೆ ಕಟ್ಟುತ್ತಿದ್ದಾಗಲೇ ಬಿಸಿಲು ಮಾಸಿತು. ತಲೆ ಎತ್ತಿ ನೋಡಿದರೆ ಆ ಹೂಕೋಸು ಬುಡ ಕಪ್ಪಾಗಿ ಅರ್ಧ ಆಕಾಶ ತುಂಬಿತ್ತು. ಮೊದಲು ಕೆಂಪು ಧೂಳಿನ ಗೋಡೆ, ಅದರ ಹಿಂದೆ ಗಾಳಿ, ಗಾಳಿಯ ಹಿಂದೆ ಆನೆಕಲ್ಲು. ಫ್ರೇನಿಬಾಯಿ ನನ್ನನ್ನು ಎಳೆದು, ಮೈದಾನದ ಅಂಚಿನಲ್ಲಿ ನಿಂತಿದ್ದ ತನ್ನ ಮೋಟಾರು ಕಾರಿನೊಳಗೆ ಕೂರಿಸಿದಳು. ಒಂದು ಗೂಟ ಕಿತ್ತು ಬಂತು, ವಿಮಾನದ ರೆಕ್ಕೆ ನೆಲ ಬಿಟ್ಟು ಎದ್ದಿತು. ಅಪ್ಪ ಓಡಿಹೋಗಿ ಆ ಹಗ್ಗಕ್ಕೆ ಜೋತುಬಿದ್ದರು. ನಾನು ಕಿರುಚಿದೆ. ಮರುಗಳಿಗೆಗೆ ಫ್ರೇನಿಬಾಯಿಯೂ ಮೋಟಾರಿನಿಂದ ಧುಮುಕಿ ಹೋಗಿ ಅದೇ ಹಗ್ಗ ಹಿಡಿದಳು. ಕಲ್ಲಿನ ಮಳೆಯಲ್ಲಿ ಅವರಿಬ್ಬರೂ ತಲೆ ತಗ್ಗಿಸಿ ನಿಂತದ್ದು ಗಾಜಿನ ಆಚೆ ಮಸುಕಾಗಿ ಕಾಣುತ್ತಿತ್ತು.

ಕಾಲು ತಾಸಿನಲ್ಲಿ ಎಲ್ಲ ಮುಗಿಯಿತು. ಮೈದಾನ ಬೆಳ್ಳಗಾಗಿತ್ತು, ಹಸಿಮಣ್ಣಿನ ಘಮ ಎದ್ದಿತ್ತು. ರೆಕ್ಕೆಯ ಬಟ್ಟೆ ನಾಲ್ಕು ಕಡೆ ಹರಿದಿತ್ತು. ಅಪ್ಪನ ಹಣೆಯಿಂದ ರಕ್ತ ಬರುತ್ತಿತ್ತು. ಫ್ರೇನಿಬಾಯಿ ತನ್ನ ಕೈವಸ್ತ್ರ ಒತ್ತಿ ಹಿಡಿದಳು. "ನಾನು ಇಷ್ಟೊತ್ತಿಗೆ ಮೇಲೆ ಇರುತ್ತಿದ್ದೆ" ಎಂದಳು, ಅಷ್ಟೆ. ನಾನು ಅಪ್ಪನ ಒದ್ದೆ ಅಂಗಿಗೆ ಮುಖ ಒತ್ತಿ ಅತ್ತೆ. ಆ ಅಳು ವಿಮಾನಕ್ಕಾಗಿ ಆಗಿರಲಿಲ್ಲ.

ಮನೆಯಲ್ಲಿ ಅವ್ವ ಅಪ್ಪನ ಗಾಯಕ್ಕೆ ಅರಿಶಿಣ ಹಚ್ಚಿದಳು. ಬಿಸಿ ಥಾಲಿಪೆಟ್ಟಿನ ಮೇಲೆ ಎಂದಿಗಿಂತ ದೊಡ್ಡ ಬೆಣ್ಣೆಯ ಉಂಡೆ ಇಟ್ಟಳು.

ರೆಕ್ಕೆ ಹೊಲಿದು, ಬಣ್ಣ ಬಳಿದ ಮೇಲೆ ಒಂದು ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಅಪ್ಪ ಆಕಾಶ ನೋಡಿ, ಚೀಟಿ ನೋಡಿ, "ಇವತ್ತು ಆಗಬಹುದ್ರಿ" ಎಂದರು. ನಾನು ಹಾರಿದೆ. ಮುಳಾ-ಮುಠಾ ನದಿಗಳು ಕೂಡುವುದನ್ನು, ಪರ್ವತಿಯ ಗುಡ್ಡವನ್ನು, ನಮ್ಮ ಪೇಟೆಯ ಹೆಂಚುಗಳನ್ನು ಮೇಲಿನಿಂದ ಕಂಡೆ. ಹೆದರಿಕೆ ಒಂದಿಷ್ಟೂ ಆಗಲಿಲ್ಲ. ಅಪ್ಪ ಹೂಂ ಎಂದ ಆಕಾಶ ಅದು.

ಮರುವರ್ಷ ಯುದ್ಧ ಬಂತು, ಅಂಥ ಖಾಸಗಿ ವಿಮಾನಗಳ ಹಾರಾಟ ನಿಂತಿತು. ಫ್ರೇನಿಬಾಯಿ ಮದುವೆಯಾಗಿ ಕರಾಚಿಗೆ ಹೋದಳು. ಅಲ್ಲಿಂದ ಅಪ್ಪನಿಗೆ ಕಾಗದ ಬರೆಯುತ್ತಿದ್ದಳು. ದೇಶ ಒಡೆದ ಮೇಲೆ ಅದೂ ನಿಂತಿತು. ಆ ಮೈದಾನದಲ್ಲಿ ಈಗ ಸಾಲು ಮನೆಗಳಿವೆ. ಅಪ್ಪ ಹೋಗಿಯೇ ಬಹಳ ಕಾಲವಾಯಿತು. ಇಷ್ಟು ವರ್ಷಗಳಲ್ಲಿ ನನ್ನ ಆಸೆಗಳಿಗೆ ಹೂಂ ಅಂದವರು ಬಹಳ ಜನ, ಅವರೆಲ್ಲರ ಋಣವೂ ನನ್ನ ಮೇಲಿದೆ. ಆದರೆ ನಾನು ಅಳುತ್ತೇನೆಂದು ಗೊತ್ತಿದ್ದೂ, ತಮ್ಮ ಲೆಕ್ಕವೇ ತಪ್ಪಿರಬಹುದೆಂದು ಗೊತ್ತಿದ್ದೂ, ನನಗಾಗಿ "ಬ್ಯಾಡ" ಎಂದು ನಿಲ್ಲುವವರು ಅಪ್ಪನ ನಂತರ ಯಾರೂ ಸಿಗಲಿಲ್ಲ.