ಅತ್ತೆಯ ಅಪ್ಪ ರಿವೆಟ್ ಹೊಡೆದ ವಿಮಾನಗಳು

ಮದುವೆಯಾದ ಹೊಸತರಲ್ಲಿ ನನ್ನ ಅತ್ತೆ ಸಿಟ್ಟಿನ ಹೆಂಗಸು ಎಂದುಕೊಂಡಿದ್ದೆ. ಮಾತೆಲ್ಲ ಏರುದನಿಯಲ್ಲೇ. ಅವರ ಅಪ್ಪ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆದು ಹೊಡೆದು ಕಿವಿ ಕಳೆದುಕೊಂಡವರು, ಹಾಗಾಗಿ ಮನೆಮಂದಿಗೆಲ್ಲ ಕೂಗಿ ಮಾತಾಡುವುದೇ ರೂಢಿಯಾಗಿತ್ತು ಎಂದು ತಿಳಿದದ್ದು ಎಷ್ಟೋ ದಿನದ ಮೇಲೆ.

ಹೋದ ವರ್ಷ ಅವರು ವಿದೇಶದಲ್ಲಿರುವ ಕಿಂಗ್ಸ್‌ಬರಿಯ ನಮ್ಮ ಫ್ಲ್ಯಾಟಿಗೆ ಬಂದಿದ್ದಾಗ ಒಂದು ಶನಿವಾರ ಹತ್ತಿರದ ವಿಮಾನ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಒಳಗೆ ಬೆಚ್ಚಗಿರುತ್ತದೆ, ಕೂರಲು ಬೆಂಚುಗಳಿವೆ ಎಂಬುದಷ್ಟೇ ನನ್ನ ಯೋಚನೆ. ಅಮೆರಿಕದ ಯುದ್ಧವಿಮಾನಗಳ ಹತ್ತಿರ ವಯಸ್ಸಾದ ಸ್ವಯಂಸೇವಕರೊಬ್ಬರು ಏಳೆಂಟು ಜನರಿಗೆ ವಿವರಿಸುತ್ತಿದ್ದರು. ಅಮೆರಿಕದ ಸೈನ್ಯ, ವಿಮಾನ ಕಂಡುಹಿಡಿದ ಇಬ್ಬರು ಸೋದರರಿಂದ ಕೊಂಡ ಮೊದಲ ವಿಮಾನ ಬರೀ ಮರ, ಬಟ್ಟೆ, ತಂತಿ. ಮೂವತ್ತು ವರ್ಷ ತುಂಬುವ ಮೊದಲೇ ನಾಲ್ಕು ಎಂಜಿನ್ನಿನ ಲೋಹದ ಬಾಂಬರ್. ಆಮೇಲೆ ಜೆಟ್, ಅದಾದ ಮೇಲೆ ಶಬ್ದವನ್ನೂ ಹಿಂದೆ ಹಾಕಿದ್ದು. ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಅವರ ಕಣ್ಣು ಮಾತ್ರ ಬಾಂಬರಿನ ಮೈಮೇಲಿನ ರಿವೆಟ್ ಸಾಲಿನ ಮೇಲಿತ್ತು.

"ಇವೆಲ್ಲ ಕೆಟ್ಟಾಗ ರಿಪೇರಿ ಮಾಡ್ತಿದ್ದೋರು ಯಾರು, ಕೇಳು" ಎಂದರು.

ಸೈನ್ಯದ ಮೆಕ್ಯಾನಿಕ್‌ಗಳು ಎಂದು ಉತ್ತರ ಬಂತು.

"ನಮ್ಮಪ್ಪನೂ ಮಾಡಿದ್ರು ಅಂತ ಹೇಳು. ಯುದ್ಧದ ಕಾಲದಲ್ಲಿ ಅಮೆರಿಕದೋರ ವಿಮಾನ ಬೆಂಗಳೂರಿಗೇ ಬರ್ತಿದ್ವು."

"ಖರೇನ ಅತ್ತಿ?" ಆಶ್ಚರ್ಯವಾದಾಗ ನನ್ನ ಬಾಯಲ್ಲಿ ಧಾರವಾಡವೇ ಬರುವುದು.

ಖರೆಯೇ. ಅಪ್ಪ ಸಣ್ಣ ಆಳು, ಅದಕ್ಕೇ ಅವರನ್ನು ರೆಕ್ಕೆಯೊಳಗೆ ತೂರಿಸುತ್ತಿದ್ದರಂತೆ. ಹೊರಗಿನವನು ರಿವೆಟ್ ಹೊಡೆಯುವಾಗ ಒಳಗಿದ್ದವರು ಅದರ ಒಳತುದಿಗೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಲೋಹದ ಮೇಲೆ ತಟ್ಟಿಯೇ ಮಾತಾಡಬೇಕು. ತಡವರಿಸುತ್ತ ಇಷ್ಟನ್ನು ಇಂಗ್ಲಿಷಿಗೆ ತಂದೆ.

ಆ ಹಿರಿಯ ಸ್ವಯಂಸೇವಕರು ಬೆಂಚಿನ ಮೇಲೆ ಬೆರಳ ಗಿಣ್ಣಿನಿಂದ ಒಮ್ಮೆ ತಟ್ಟಿ ಅತ್ತೆಯನ್ನು ನೋಡಿದರು.

"ಇನ್ನೊಂದ್ಸಲ ಹೊಡಿ" ಎಂದು ಆ ತಟ್ಟಿನ ಅರ್ಥ ಹೇಳಿದರು ಅತ್ತೆ, ನನಗೆ ಕಾಯದೆ.

ಹಿರಿಯರು ಎರಡು ಸಲ ತಟ್ಟಿದರು.

"ಸರಿಯಾಯ್ತು, ಮುಂದಿಂದಕ್ಕೆ ಹೋಗು."

ಆಮೇಲೆ ಅತ್ತೆಯೇ ಬಗ್ಗಿ ಮೂರು ಸಲ ತಟ್ಟಿ, ಪರೀಕ್ಷೆ ಮಾಡುವ ಟೀಚರಂತೆ ನಿಂತರು. ಆ ರಿವೆಟ್ ಕೆಟ್ಟಿತು, ಕೊರೆದು ತೆಗೆಯಿರಿ ಎಂದು ಹಿರಿಯರು ನಕ್ಕರು. ತಾವೂ ಚಿಕ್ಕ ವಯಸ್ಸಿನಲ್ಲಿ ಅದೇ ಕೆಲಸ ಮಾಡಿದವರಂತೆ.

ಕಿವಿ ಹೋದ ಮೇಲೆ ಅಪ್ಪ ಮನೆಯಲ್ಲೂ ಹೀಗೇ ಮಾತಾಡುತ್ತಿದ್ದರು ಎಂದು ಅತ್ತೆ ವಿವರಿಸಿದರು. ಸಾರು ಚೆನ್ನಾಗಿದ್ದರೆ ತಟ್ಟೆಯ ಪಕ್ಕ ಎರಡು ಸಲ. ಮೂರು ಸಲ ತಟ್ಟಿದ ದಿನ ಅಮ್ಮ ಅಡುಗೆಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಹಿರಿಯರು ಅಪ್ಪನ ಹೆಸರು ಕೇಳಿ ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ಗುಂಪಿಗೆ ಹೇಳುವಾಗ ಬೆಂಗಳೂರನ್ನೂ ಸೇರಿಸಿದರು. ಅತ್ತೆ ಸೆರಗು ಸರಿಮಾಡಿಕೊಂಡು ಪಕ್ಕದಲ್ಲೇ ನಿಂತು ಕೇಳಿದರು.

ಬಸ್ಸಿನಲ್ಲಿ ಅತ್ತೆ, "ಅಪ್ಪ ವಿಮಾನದೊಳಗೆ ಇರ್ತಿದ್ದಿದ್ದು ದಿನಾ. ಹಾರಿದ್ದು ಒಂದ್ಸಲಾನೂ ಇಲ್ಲ" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಊರಿಗೆ ಹೊರಡುವವರೆಗೂ ಶನಿವಾರ ಬಂತೆಂದರೆ ಅಲ್ಲಿಗೇ ಹೋದೆವು. ಅತ್ತೆ ಆ ಹಿರಿಯರಿಗೆಂದು ಡಬ್ಬಿಯಲ್ಲಿ ಕೋಡುಬಳೆ ಒಯ್ಯುವರು. ಕೊನೆಕೊನೆಗೆ ನಾನು ದೂರದ ಬೆಂಚಿನಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಅವರಿಬ್ಬರಿಗೆ ನನ್ನ ಅನುವಾದದ ಅಗತ್ಯವೇ ಬೀಳುತ್ತಿರಲಿಲ್ಲ.