ಸೇತುವೆಗೆ ಹೆದರುತ್ತಿದ್ದ ಮೇಷ್ಟ್ರು

ಸಂಜೆಯ ಬಸ್ಸು ಹೊಳಲ್ಕೆರೆ ಬಿಟ್ಟು ತಾಳ್ಯದ ಕಡೆಯ ಹಳ್ಳದ ಸೇತುವೆ ಹತ್ತಿರ ಬಂದ ಕೂಡಲೇ ಮಹೇಶ್ವರಪ್ಪ ಮೇಷ್ಟ್ರು ಎದ್ದು ನಿಲ್ಲುತ್ತಿದ್ದರು. ಬಸ್ಸಿಳಿದು, ಚೀಲವನ್ನು ಎದೆಗವಚಿಕೊಂಡು, ಸೇತುವೆಯನ್ನು ನಡೆದೇ ದಾಟಿ, ಆಚೆ ದಡದಲ್ಲಿ ಮತ್ತೆ ಹತ್ತುತ್ತಿದ್ದರು. ಕಂಡಕ್ಟರ್ ಅವರ ಹಳೆಯ ಶಿಷ್ಯ; ಗೊಣಗಿದರೂ ಕಾಯುತ್ತಿದ್ದ. ಉಳಿದವರು ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಸೇತುವೆಯ ಕಂಬ ಬಿರುಕು ಬಿಟ್ಟಿದೆ, ದುರಸ್ತಿ ಮಾಡಿಸಿ ಎಂದು ಅವರು ಬರೆಯುತ್ತಿದ್ದ ಅರ್ಜಿಗಳು ನಾನು ಗುಮಾಸ್ತೆಯಾಗಿದ್ದ ಇಂಜಿನಿಯರರ ಕಚೇರಿಗೇ ಬರುತ್ತಿದ್ದವು. ‘ಸದ್ಯ ಅನುದಾನವಿಲ್ಲ’ ಎಂಬ ಉತ್ತರವನ್ನು ಮೂರು ಸಲ ಟೈಪ್ ಮಾಡಿದವಳು ನಾನೇ.

ಅದು ಅವರಿಗೂ ಗೊತ್ತಿತ್ತು. ಆದರೂ ನನ್ನ ಹಿಂದಿನ ಸೀಟಿನಲ್ಲಿ ಕೂತು ಅಕ್ಕರೆಯಿಂದ ಮಾತಾಡುತ್ತಿದ್ದರು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವರು. ಪಾಠಕ್ಕೆ ಅವರಿಗೆ ಬಸ್ಸಿನ ಕಿಟಕಿಯೇ ಸಾಕು.

“ನೋಡಮ್ಮ ಶೈಲಾ, ಹೋದ ವರ್ಷ ಈ ರಸ್ತೆ ಕೆಲ್ಸ ನಡೀತಲ್ಲ? ಸರ್ಕಾರ ಕೂಲಿ ಕೊಡ್ತು. ಕೂಲಿಯೋರು ಸೇತುವೆ ಹತ್ರ ಇಸ್ಮಾಯಿಲ್ ಸಾಬ್ರ ಹೋಟ್ಲಲ್ಲಿ ಉಂಡ್ರು. ಸಾಬ್ರು ಹೊಸ ಬೆಂಚು ಮಾಡ್ಸಿದ್ರು. ಬೆಂಚು ಮಾಡಿದ ಬಡಗಿ ಮಗಳನ್ನ ಕಾಲೇಜಿಗೆ ಸೇರಿಸ್ದ. ಒಂದೇ ದುಡ್ಡು, ಎಷ್ಟು ಕೈ ದಾಟ್ತು ನೋಡು.”

“ಹಂಗಾದ್ರೆ ಸರ್ಕಾರ ಸುರೀತಾನೇ ಇರ್ಬೇಕಾ ಸಾರ್?”

“ಬೇಡದ್ದಕ್ಕೆ ಸುರಿದ್ರೆ ಬೆಲೆ ಏರ್ತಾವೆ, ಸಾಲ ಬೆಳೀತೈತೆ. ಸರ್ಕಾರದ ದುಡ್ಡು ಅಂದ್ರೆ ಬೆಂಕಿಪೊಟ್ಟಣ ಕೊಂಡಾಗ್ಲೂ ನಾವು ಕೊಡೋ ತೆರಿಗೇನೇ. ಆದ್ರೆ ಬೇಕಾದ್ದಕ್ಕೇ ಬಿಗಿ ಹಿಡಿದ್ರೆ ಇನ್ನೂ ಭಯ ಕಣಮ್ಮ. ಕಟ್ಟೋಕೆ ದುಡ್ಡು ಸಿಗ್ತೈತೆ, ಕಟ್ಟಿದ್ದನ್ನ ಕಾಪಾಡಕೆ ಸಿಗಲ್ಲ.”

ಕೇಳಿ ನನಗೂ ಭಯವಾಗುತ್ತಿತ್ತು. ಆದರೂ ಮರುದಿನ ಕಚೇರಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನದಿಂದ ಮಳೆ ಹಿಡಿಯಿತು. ಸಂಜೆ ನಾವು ಬರುವ ಹೊತ್ತಿಗೆ ಹಳ್ಳ ಕೆಂಪಗೆ ಉಕ್ಕಿ ಸೇತುವೆಯ ಮಟ್ಟಕ್ಕೇ ಹರಿಯುತ್ತಿತ್ತು. ಎಂದಿನಂತೆ ಇಳಿದು ನಾಲ್ಕು ಹೆಜ್ಜೆ ಹೋದ ಮೇಷ್ಟ್ರು ಗಕ್ಕನೆ ನಿಂತರು. ತಿರುಗಿ ಓಡಿಬಂದು ಬಸ್ಸಿನ ಮುಂದೆ ಎರಡೂ ಕೈ ಎತ್ತಿದರು.

“ಸರೀರಿ ಮೇಷ್ಟ್ರೇ, ಹಾಲು ಕರೆಯೋ ಹೊತ್ತಾತು!” ಯಾರೋ ಕೂಗಿದರು. ಡ್ರೈವರ್ ಹಾರ್ನ್ ಒತ್ತಿ ಬಸ್ಸನ್ನು ಒಂದು ಮಾರು ಮುಂದೆ ಸರಿಸಿದ. ಮೇಷ್ಟ್ರು ಅಲುಗಲಿಲ್ಲ.

“ನಂಗೆ ಭಯ ಆಗ್ತೈತೆ ಕಣ್ರಪ್ಪ. ಸೇತುವೆ ಕಾಲಡಿಗೆ ನಡುಗ್ತೈತೆ. ಇಳೀರಿ, ಎಲ್ರೂ ಇಳೀರಿ!”

ಯಾರೂ ಏಳಲಿಲ್ಲ. ನಾನು ಎದ್ದೆ. “ಅವರು ಹೇಳೋದು ನಿಜ. ಕಂಬ ಬಿರುಕು ಬಿಟ್ಟೈತೆ ಅಂತ ನಮ್ಮ ಆಫೀಸಲ್ಲಿ ಫೈಲೇ ಐತೆ,” ಎಂದೆ.

“ಗೊತ್ತಿದ್ದೂ ದಿನಾ ಸುಮ್ನೆ ಕುಂತಿದ್ಯೇನಮ್ಮ?” ಎಂದಳು ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು. ನಾನು ಅವಳ ಚೀಲ ಎತ್ತಿಕೊಂಡು ಕೆಳಗಿಳಿದೆ.

ಎಲ್ಲರೂ ಇಳಿದರು. ಬಸ್ಸು ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ನಡುವಿನ ಕಂಬ ವಾಲಿತು. ರಸ್ತೆಯ ಒಂದು ತುಂಡು ನೀರಿಗಿಳಿದು ಕಾಣದಂತಾಯಿತು. ಆ ಹೆಂಗಸು ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಮೇಷ್ಟ್ರು ಕೆಸರಿನಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು.

ಆಮೇಲೆ ಸುತ್ತು ದಾರಿ. ಹಾಲಿನ ವ್ಯಾನು ಬರುವುದು ನಿಂತಿತು. ಗಿರಾಕಿಗಳಿಲ್ಲದೆ ಇಸ್ಮಾಯಿಲ್ ಸಾಬರು ಹೋಟೆಲ್ ಮುಚ್ಚಿದರು. ಬಡಗಿಯ ಮಗಳು ಕಾಲೇಜು ಬಿಟ್ಟಳು. “ಈಗ ಅದೇ ದುಡ್ಡು ಹಿಂದಕ್ಕೆ ಹೋಗ್ತೈತೆ ನೋಡು, ಒಂದೊಂದೇ ಕೈ ಖಾಲಿ ಮಾಡ್ಕಂತ,” ಎಂದರು ಮೇಷ್ಟ್ರು. ದುರಸ್ತಿಗೆ ಬೇಕಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸುರಿದು ಕೊನೆಗೆ ಹೊಸ ಸೇತುವೆ ಕಟ್ಟಿದರು.

ನಿವೃತ್ತರಾದ ಮೇಲೆ ಅವರು ಒಮ್ಮೆ ನನ್ನ ಕಚೇರಿಗೆ ಬಂದರು. ತುಂಬ ಸೊರಗಿದ್ದರು. ಒಂದು ಹಳ್ಳಿಯ ಶಾಲೆಯ ಪಕ್ಕದ ನೀರಿನ ಟ್ಯಾಂಕಿನ ಕಂಬಗಳಲ್ಲಿ ಸಿಮೆಂಟು ಉದುರಿ ಕಬ್ಬಿಣ ಹೊರಬಿದ್ದಿದೆ ಎಂಬ ಅರ್ಜಿ ಕೊಟ್ಟು, “ಇನ್ಮೇಲೆ ನೀನೇ ಬರೀಬೇಕಮ್ಮ, ನನ್ನ ಕೈ ಸೋತಾವೆ,” ಎಂದರು. ಮುಂದಿನ ವಾರವೇ ತೀರಿಕೊಂಡರು.

ಆ ಅರ್ಜಿಯನ್ನು ನಾನು ಫೈಲಿಗೆ ಸೇರಿಸಲಿಲ್ಲ. ಇಂಜಿನಿಯರರ ಮೇಜಿನ ಮುಂದೆ ಹಿಡಿದು ನಿಂತೆ. ಅವರು ಸ್ಥಳಕ್ಕೆ ಬರುವವರೆಗೂ ಬಿಡಲಿಲ್ಲ. ಟ್ಯಾಂಕಿನ ಸುತ್ತ ಹಗ್ಗ ಕಟ್ಟಿಸಿದ್ದಾರೆ. ಕೆಡವಲು ದುಡ್ಡು ಮುಂದಿನ ವರ್ಷವಂತೆ. ಗಾಳಿ ಮಳೆ ಎದ್ದ ದಿನ ಆ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡುತ್ತೇನೆ. “ಮಕ್ಳೆಲ್ಲ ಒಳಗೇ ಅವ್ರೆ ಮೇಡಂ,” ಎಂದು ಆಕೆ ಹೇಳುವವರೆಗೂ ಫೋನ್ ಇಡುವುದಿಲ್ಲ.